ಎಕ್ಕ ಎಷ್ಟೆಂದು ಕೇಳುವುದು

ನಮ್ಮ ಮನೆಯ ಪಡಸಾಲೆಯ ಮೇಜಿನ ಮೇಲೊಂದು ಮರದ ತುಂಡಿದೆ. ಒಂದು ಗೇಣಿಗಿಂತ ತುಸು ಉದ್ದ, ಸ್ವಲ್ಪ ಬಾಗಿದೆ, ಮೇಲುಗಡೆ ಈ ತುದಿಯಿಂದ ಆ ತುದಿಗೆ ಒಂದು ತೋಡು ಕೊರೆದಿದೆ. ಸದ್ಯಕ್ಕೆ ಆ ತೋಡಿನಲ್ಲಿ ಕರೆಂಟ್ ಬಿಲ್ಲು, ಎರಡು ಲಗ್ನಪತ್ರಿಕೆ ಮತ್ತು ನನ್ನ ಬಿಪಿ ಮಾತ್ರೆಯ ಚೀಟಿ ನಿಂತಿವೆ. ಮನೆಗೆ ಬಂದವರು ಅದನ್ನೆತ್ತಿ ತಿರುಗಿಸಿ ನೋಡದೆ ಹೋಗುವುದಿಲ್ಲ. ಒಬ್ಬರು ಮೊಬೈಲ್ ಸ್ಟ್ಯಾಂಡ್ ಎಂದರು. ಇನ್ನೊಬ್ಬರು ತೊಟ್ಟಿಲಿನ ಮುರಿದ ಭಾಗವಿರಬೇಕು ಎಂದರು. ನನ್ನ ಹೆಂಡತಿ ಗಿರಿಜ ಮಾತ್ರ ಅಡುಗೆಮನೆಯಿಂದಲೇ ಉತ್ತರ ಕೊಡುತ್ತಾಳೆ: "ಅದಾ? ನಮ್ಮನೇರಿಗೆ ಬುದ್ಧಿ ಬಂದಿದ್ದರ ಗುರ್ತಿಗೆ ಇಟ್ಕಂಡಿರದು."

ಬುದ್ಧಿ ಬಂದದ್ದು ಅರವತ್ತಾರನೆಯ ವಯಸ್ಸಿನಲ್ಲಿ. ಅದೂ ಇಸ್ಪೀಟಿನಿಂದ. ನಮ್ಮಪ್ಪ ಬದುಕಿದ್ದರೆ ಎರಡನೆಯದನ್ನು ಕೇಳಿ ಕೋಲು ಹುಡುಕುತ್ತಿದ್ದರು.

ನಾನು ಹುಟ್ಟಿ ಬೆಳೆದದ್ದು ಬಸವಾಪಟ್ಟಣದಲ್ಲಿ. ಮನೆಯಲ್ಲಿ ಇಸ್ಪೀಟಿನ ಹೆಸರೆತ್ತುವಂತಿರಲಿಲ್ಲ. ಹಾಗಾಗಿ ನಾನು, ನಮ್ಮಣ್ಣ ಸೇರಿ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಎಕ್ಕ, ರಾಜ, ರಾಣಿ, ಗುಲಾಮ ಬರೆದು, ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ಆಡುತ್ತಿದ್ದೆವು. ನಮ್ಮಣ್ಣ ಬಲೇ ಕಿಲಾಡಿ. ರಾಜನಿಗಿಂತ ದೊಡ್ಡದಾದ ಎಕ್ಕಗಳನ್ನೆಲ್ಲ ಒಂದೇ ಮದುವೆಯ ಪತ್ರಿಕೆಯಿಂದ ಕತ್ತರಿಸಿಕೊಂಡಿದ್ದ. ಅಚ್ಚಾದ ಬದಿ ನೋಡಿದರೆ ಸಾಕು, ಗುಲಾಬಿ ಬಣ್ಣ ಕಂಡಿತೆಂದರೆ ಎಕ್ಕ. ಇದು ನನಗೆ ಗೊತ್ತಾಗುವ ಹೊತ್ತಿಗೆ ನನ್ನ ಗೋಲಿಗಳೆಲ್ಲ ಅವನ ಚಡ್ಡಿ ಜೇಬಿಗೆ ಸೇರಿದ್ದವು. ಅಂದಿನಿಂದ ಎದುರಿನವರ ಕೈಯಲ್ಲಿ ಎಕ್ಕ ಎಷ್ಟಿವೆ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ. ಮುಂದೆ ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆದೆ. ಒಂದು ಬದುವನ್ನು ಮೂರು ಸಲ ಅಳೆಯುವವನು ಎಂದು ಹೆಸರಾದೆ. ಅನುಮಾನಕ್ಕೆ ಸಂಬಳ ಸಿಗುವ ಕೆಲಸ ಅದೊಂದೇ ಇರಬೇಕು.

ಬ್ರಿಡ್ಜ್ ಆಟ ನಮಗೆ ಬಂದದ್ದು ನಾಲೆ ಕೆಲಸಕ್ಕೆ ಬಂದಿದ್ದ ಒಬ್ಬ ಇಂಜಿನಿಯರರಿಂದ. ಅವರು ವರ್ಗವಾಗಿ ಹೋದರು, ಆಟ ಉಳಿಯಿತು. ಈಗ ನಾನಿರುವ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಹೀಗೆ ನಾಲ್ಕು ಊರಿನ ಹದಿನಾರು ಜನ ಮೂರು ತಿಂಗಳಿಗೊಮ್ಮೆ ಒಂದೊಂದು ಊರಿನಲ್ಲಿ ಸೇರುತ್ತೇವೆ. ಬೆಳಿಗ್ಗೆ ಹತ್ತಕ್ಕೆ ಕೂತರೆ ಸಂಜೆ ಬಸ್ಸಿನ ಹೊತ್ತಿಗೆ ಏಳುವುದು. ನಮ್ಮದು ಒಂದೇ ಕಟ್ಟುನಿಟ್ಟಿನ ಕಾನೂನು: ಮಂಡಕ್ಕಿಯನ್ನು ಚಮಚದಲ್ಲಿ ತಿನ್ನಬೇಕು, ಮೆಣಸಿನಕಾಯಿ ಬಜ್ಜಿ ಮುಟ್ಟಿದವರು ಸೋಪು ಹಾಕಿ ಕೈ ತೊಳೆಯದೆ ಎಲೆ ಹಿಡಿಯುವಂತಿಲ್ಲ. ಒಮ್ಮೆ ಚನ್ನಗಿರಿಯಲ್ಲಿ, ಅಡಿಕೆ ಮಂಡಿಯ ಮೇಲಿನ ಹಾಲಿನಲ್ಲಿ ಇಸ್ಪೀಟು ನಡೆದಿದೆ ಎಂದು ಯಾರೋ ಹೇಳಿ, ಪೊಲೀಸಿನವರೊಬ್ಬರು ಬಂದು ಬಾಗಿಲಲ್ಲಿ ನಿಂತರು. ಕಾಲು ಗಂಟೆ ನಮ್ಮ ಕೂಗಾಟ ಕೇಳಿದರು. ಕೊನೆಗೆ, "ಕೇಸ್ ಹಾಕಾಕೆ ಮೊದ್ಲು ಇದು ನನಗಾದ್ರೂ ಅರ್ಥ ಆಗ್ಬೇಕಲ್ರಿ" ಎಂದು ಟೋಪಿ ಸರಿಮಾಡಿಕೊಂಡು ಇಳಿದು ಹೋದರು.

ನಿಮಗೂ ಹಾಗೆ ಆಗಬಾರದೆಂದು ಎರಡೇ ಮಾತು ಹೇಳುತ್ತೇನೆ. ಎದುರು ಬದುರು ಕೂತವರು ಜೋಡಿ. ಒಬ್ಬೊಬ್ಬರಿಗೆ ಹದಿಮೂರು ಎಲೆ. ಎಲೆಗಳಲ್ಲಿ ನಾಲ್ಕು ಬಣ್ಣ: ಕಳಾವರ್, ಡೈಮನ್, ಆಟಿನ್, ಇಸ್ಪೀಟ್. ಆಡುವ ಮೊದಲು ಹರಾಜಿನ ಥರ ಕೂಗಬೇಕು. ಹದಿಮೂರು ಸುತ್ತಿನಲ್ಲಿ ಹನ್ನೆರಡನ್ನು ಗೆಲ್ಲುತ್ತೇವೆ ಎಂದು ಮೊದಲೇ ಕೂಗಿ, ಗೆದ್ದೂ ಬಿಟ್ಟರೆ ಅದು ಸ್ಲಾಮ್. ಮೊದಲ ಆರು ಸುತ್ತು ಕೂಗಿನ ಲೆಕ್ಕಕ್ಕಿಲ್ಲ, ಹಾಗಾಗಿ ಅದಕ್ಕೆ 'ಆರು' ಎಂದು ಕರೆಯಬೇಕು. ಅಷ್ಟು ಧೈರ್ಯ ಬರಬೇಕಾದರೆ ಜೋಡಿಯ ಕೈಯಲ್ಲಿ ಏನಿದೆ ಎಂದು ಗೊತ್ತಿರಬೇಕು. ಆದರೆ ಎಲೆ ತೋರಿಸುವಂತಿಲ್ಲ, ಕಣ್ಣು ಹೊಡೆಯುವಂತಿಲ್ಲ, ಕೆಮ್ಮುವಂತಿಲ್ಲ. ಕೂಗಿನಲ್ಲೇ ಕೇಳಬೇಕು, ಕೂಗಿನಲ್ಲೇ ಹೇಳಬೇಕು. ಅದಕ್ಕೊಂದು ಒಪ್ಪಂದವಿದೆ. ಒಬ್ಬರು 'ನಾಲ್ಕು ನೋ ಟ್ರಂಪ್' ಎಂದರೆ, 'ನಿಮ್ಮ ಹತ್ತಿರ ಎಕ್ಕ ಎಷ್ಟಿವೆ?' ಎಂದು ಕೇಳಿದಂತೆ. ಇನ್ನೊಬ್ಬರು 'ಐದು ಕಳಾವರ್' ಎಂದರೆ ಒಂದೂ ಇಲ್ಲ, 'ಐದು ಡೈಮನ್' ಎಂದರೆ ಒಂದು, 'ಐದು ಆಟಿನ್' ಎಂದರೆ ಎರಡು. ಇದಕ್ಕೂ ಮುಂಚೆ, ಯಾವ ಬಣ್ಣದ ಎಕ್ಕ ಇದೆಯೋ ಆ ಬಣ್ಣವನ್ನು ನಾಲ್ಕರ ಮಟ್ಟದಲ್ಲಿ ಕರೆದು ಒಂದೊಂದಾಗಿ ತೋರಿಸುವುದೂ ಉಂಟು. ಅಷ್ಟೇ. ಇಷ್ಟು ಸರಳವಾದ, ಇಷ್ಟು ಪ್ರಾಮಾಣಿಕವಾದ ಸಂಭಾಷಣೆ ನಾನು ತಾಲ್ಲೂಕು ಕಚೇರಿಯಲ್ಲಂತೂ ಕೇಳಿಲ್ಲ.

ನನ್ನ ಜೋಡಿ ನ್ಯಾಮತಿಯ ಹಾಲಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಚಿತ್ರಕಲೆ ಹೇಳಿಕೊಡುತ್ತಿದ್ದವರು. ಬೋರ್ಡಿನ ಮೇಲೆ ಕೈವಾರವಿಲ್ಲದೆ ಒಂದೇ ಎಳೆತಕ್ಕೆ ದುಂಡನೆಯ ವೃತ್ತ ಬರೆಯುತ್ತಿದ್ದರಂತೆ. ಅವರ ಶಿಷ್ಯರು ಈಗಲೂ ಬಸ್ಸಿನಲ್ಲಿ ಎದ್ದು ಸೀಟು ಕೊಡುವಾಗ ಗಾಳಿಯಲ್ಲಿ ಒಂದು ಸುತ್ತು ಬೆರಳಾಡಿಸಿ, "ಸಾರ್, ಆ ಸೊನ್ನೆ!" ಎನ್ನುತ್ತಾರೆ. ಮಾತು ಕಡಿಮೆ. ನನ್ನನ್ನು 'ಸರ್ವೆ ಸಾಹೇಬ್ರು' ಎನ್ನುತ್ತಾರೆ. ಇಪ್ಪತ್ತು ವರ್ಷ ಎದುರು ಬದುರು ಕೂತಿದ್ದೇವೆ. ಅವರ ಮಗಳ ಹೆಸರು ನನಗೆ ಎಷ್ಟೋ ವರ್ಷ ಗೊತ್ತಿರಲಿಲ್ಲ. ಆದರೆ ಅವರು 'ಮೂರು ಇಸ್ಪೀಟ್' ಎಂದರೆ ಕೈಯಲ್ಲಿ ಏನೇನಿದೆ ಎಂದು ನಿದ್ದೆಯಲ್ಲೂ ಹೇಳಬಲ್ಲೆ.

ಹೀಗಿರುವಾಗ ಹೋದ ವರ್ಷ ಒಂದು ವಿಚಿತ್ರ ಶುರುವಾಯಿತು. ಹೊನ್ನಾಳಿಯಲ್ಲೇ ಆಟ. ನಾನು ಎಕ್ಕ ಕೇಳಿದೆ. ಮೇಷ್ಟ್ರು ಒಂದು ಎಂದರು. ಆಟ ಆಡುವಾಗ ನೋಡಿದರೆ ಎರಡು! ಐದಕ್ಕೆ ನಿಂತಿದ್ದೆವು, ಹನ್ನೆರಡು ಸುತ್ತು ಸಲೀಸಾಗಿ ಬಂದವು. ಹೋಗಲಿ, ಎಲ್ಲರಿಗೂ ಆಗುತ್ತದೆ ಎಂದುಕೊಂಡೆ. ಮೂರು ತಿಂಗಳ ಮೇಲೆ ನ್ಯಾಮತಿಯಲ್ಲಿ ಮತ್ತೆ ಅದೇ. ಒಂದೂ ಇಲ್ಲ ಎಂದರು, ಒಂದಿತ್ತು. ನನ್ನ ಮೈ ಉರಿಯಿತು. ಮಾತಾಡಲಿಲ್ಲ. ಅಣ್ಣನ ಗುಲಾಬಿ ಬಣ್ಣದ ಎಕ್ಕಗಳು ನೆನಪಾದವು. ಈ ಮನುಷ್ಯನಿಗೆ ನನ್ನ ಜೊತೆ ಆಡುವ ಆಸಕ್ತಿಯೇ ಹೋಗಿದೆ, ಎಲೆ ನೋಡುವ ಶ್ರಮವನ್ನೂ ತಗೊಳ್ಳುತ್ತಿಲ್ಲ ಎಂದು ತೀರ್ಮಾನಿಸಿದೆ. ಅವರು ಎಲೆಗಳನ್ನು ಬೀಸಣಿಗೆಯ ಹಾಗೆ ಬಿಚ್ಚದೆ ಮುಷ್ಟಿಯಲ್ಲಿ ಒತ್ತಿ ಹಿಡಿಯುತ್ತಿದ್ದುದನ್ನು ನೋಡಿದ್ದೆ. ಅದನ್ನೂ ಉಡಾಫೆಯ ಲೆಕ್ಕಕ್ಕೇ ಸೇರಿಸಿದೆ. ಮೂರು ಸಲ ಅಳೆಯುವ ಸರ್ವೆಯರ್ ಈ ಸಲ ಒಂದೇ ಸಲ ಅಳೆದ.

ಚನ್ನಗಿರಿಯ ಆಟದಲ್ಲಿ ನಾನು ಕೇಳುವುದನ್ನೇ ಬಿಟ್ಟೆ. ಒಳ್ಳೆಯ ಎಲೆ ಬಂದಿತ್ತು, ಮೇಷ್ಟ್ರು ನನ್ನ ಬಣ್ಣವನ್ನು ಒಪ್ಪಿ ಏರಿಸಿದರು. ನಾನು 'ನಾಲ್ಕು ಇಸ್ಪೀಟ್' ಎಂದು ಬಾಗಿಲು ಮುಚ್ಚಿದೆ. ಹನ್ನೆರಡು ಸುತ್ತು ಬಂದವು. ನಮ್ಮಲ್ಲಿ ಒಂದೇ ಹಂಚಿಕೆ ಎಲ್ಲ ಮೇಜಿಗೂ ಸುತ್ತುತ್ತದೆ, ಬೇರೆ ಮೇಜುಗಳಲ್ಲಿ ಅದೇ ಎಲೆಗೆ ಆರು ಕರೆದು ಗೆದ್ದಿದ್ದರು. ನಾವು ಕೊನೆಯ ಸ್ಥಾನಕ್ಕೆ ಇಳಿದೆವು.

ವಾಪಸ್ಸು ಬರುವ ಬಸ್ಸಿನಲ್ಲಿ ಮೇಷ್ಟ್ರು ಕೇಳಿದರು.

"ಸಾಹೇಬ್ರೇ, ಇವತ್ತು ಯಾಕೆ ಕೇಳ್ಲಿಲ್ಲ?"

"ಏನು ಕೇಳದು?"

"ಎಕ್ಕ."

ನಾನು ಕಿಟಕಿಯ ಕಡೆ ತಿರುಗಿದೆ. "ಕೇಳಿ ಏನು ಉಪಯೋಗ ಮೇಷ್ಟ್ರೇ? ನೀವು ಹೇಳದು ಒಂದು, ಕೈಯಾಗೆ ಇರದು ಇನ್ನೊಂದು."

ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಆದರೆ ಬಾಯಿಂದ ಹೋದದ್ದು ಹೋಯಿತು. ಮೇಷ್ಟ್ರು ಬಲಗೈಯನ್ನು ಬ್ಯಾಗಿನ ಕೆಳಗೆ ಇಟ್ಟುಕೊಂಡು ಕೂತೇ ಇದ್ದರು. ಹೊನ್ನಾಳಿ ಸ್ಟ್ಯಾಂಡಿನಲ್ಲಿ ನಾನು ಇಳಿಯುವಾಗ ಹೇಳಿದರು: "ಜಗಳೂರಿಗೆ ಬೇರೆ ಜೋಡಿ ನೋಡ್ಕಳ್ರಿ. ನಾನು ಇನ್ನು ಎಲೆ ಮುಟ್ಟಲ್ಲ."

ಮನೆಗೆ ಬಂದು ಗಿರಿಜಳ ಮುಂದೆ ನನ್ನ ಕಡೆಯ ನ್ಯಾಯವನ್ನೆಲ್ಲ ಬಿಚ್ಚಿಟ್ಟೆ. ಎಷ್ಟು ಸಲ ತಪ್ಪು ಹೇಳಿದರು, ಹೇಗೆ ಎಲೆಯನ್ನೂ ಸರಿಯಾಗಿ ನೋಡುವುದಿಲ್ಲ, ನಾನೆಷ್ಟು ತಾಳ್ಮೆಯಿಂದ ಇದ್ದೆ ಎಲ್ಲವನ್ನೂ. ಅವಳು ಸೊಪ್ಪು ಬಿಡಿಸುತ್ತ ಕೇಳಿದಳು.

"ಆಯ್ತು. ಯಾಕೆ ಹಿಂಗಾಗ್ತಾ ಐತೆ ಅಂತ ಅವ್ರನ್ನ ಕೇಳಿದ್ರಾ?"

"ಅದನ್ನೇನು ಕೇಳದು?"

"ಇಪ್ಪತ್ತು ವರ್ಷ ಎಕ್ಕ ಎಷ್ಟು ಅಂತ ಕೇಳಾಕೆ ಬರ್ತಿತ್ತು. ಹೆಂಗಿದೀರಿ ಅಂತ ಕೇಳಾಕೆ ಬರಲ್ವಾ?"

ಆ ರಾತ್ರಿ ಅವಳು ಸೊಪ್ಪಿನ ಪಲ್ಯ ಬಡಿಸುವಾಗ, ನ್ಯಾಮತಿಗೆ ಮೊದಲ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದೆ.

ಮಾರನೆಯ ಬೆಳಿಗ್ಗೆ ನ್ಯಾಮತಿ ಬಸ್ಸು ಹತ್ತಿದೆ. ಮೇಷ್ಟ್ರ ಮನೆಯ ಬಾಗಿಲಿಗೆ ಅವರ ಹೆಂಡತಿ ಶಾರದಮ್ಮ ಬಂದರು. ನನ್ನನ್ನು ನೋಡಿ ಅವರ ಮುಖದಲ್ಲಿ ಒಂದು ನಿರಾಳ ಕಂಡಿತು, ಯಾಕೆಂದು ಆಗ ಗೊತ್ತಾಗಲಿಲ್ಲ. ಒಳಗೆ ಕೂರಿಸಿ ಟೀ ತಂದರು. ನನಗೆ ಕಪ್ಪು ಬಸಿಯಲ್ಲಿ. ಮೇಷ್ಟ್ರಿಗೆ ಉದ್ದನೆಯ ಸ್ಟೀಲ್ ಲೋಟದಲ್ಲಿ, ಅರ್ಧ ಮಾತ್ರ. ಮೇಷ್ಟ್ರು ಅದನ್ನು ಎರಡು ಕೈಯಲ್ಲಿ ಹಿಡಿದರು. ಹಿಡಿದರೂ ಟೀ ಒಳಗೆ ಅಲುಗುತ್ತಲೇ ಇತ್ತು.

ಅಯ್ಯೋ ದೇವರೇ ಎನಿಸಿತು. ಬೀಸಣಿಗೆ ಬಿಚ್ಚದ ಮುಷ್ಟಿ, ಬ್ಯಾಗಿನ ಕೆಳಗಿನ ಬಲಗೈ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

"ಎಷ್ಟು ದಿನದಿಂದ ಮೇಷ್ಟ್ರೇ?" ಎಂದೆ.

ಅವರು ಲೋಟ ಕೆಳಗಿಟ್ಟರು. ಏನು ಕೇಳುತ್ತಿದ್ದೇನೆ ಎಂದು ತಿಳಿಯದವರ ಹಾಗೆ ನಟಿಸಲಿಲ್ಲ. "ಹೋದ ಯುಗಾದಿಯಿಂದ. ಎಲೆ ಬಿಚ್ಚಿದ್ರೆ ನಡುಗ್ತಾವೆ, ಪಕ್ಕದೋರಿಗೆ ಗೊತ್ತಾಗ್ತತೆ. ಒತ್ತಿ ಹಿಡಿದ್ರೆ ಒಂದರ ಹಿಂದೆ ಒಂದು ಕೂತ್ಕಂಡು ನನಗೇ ಕಾಣಲ್ಲ. ನೀವು ಕೇಳ್ತೀರಿ, ನಾನು ಕಂಡಷ್ಟು ಹೇಳ್ತೀನಿ. ಸುಳ್ಳು ಹೇಳ್ಲಿಲ್ಲ ಸಾಹೇಬ್ರೇ."

"ಡಾಕ್ಟ್ರು ಏನಂದ್ರು?"

"ಮಾತ್ರೆ ಕೊಟ್ಟವ್ರೆ. ಸ್ವಲ್ಪ ತಡೀತತೆ. ಪೂರ್ತಿ ಹೋಗಲ್ವಂತೆ."

"ಆಡಬೇಡಿ ಅಂದ್ರಾ?"

"ಅವ್ರು ಅಂದಿಲ್ಲ. ನಾನೇ ಅಂದ್ಕಂಡೀನಿ."

ಶಾರದಮ್ಮ ಬಾಗಿಲ ಹತ್ತಿರದಿಂದಲೇ ಹೇಳಿದರು: "ಆಟ ಬಿಟ್ರೆ ಇವ್ರು ಮನೆಯಿಂದ ಹೊರಗೇ ಬೀಳಲ್ಲ ಸಾರ್. ಬಜಾರಕ್ಕೆ ಹೋಗದು ಬಿಟ್ರು, ಮದುವೆ ಊಟಕ್ಕೆ ಹೋಗದು ಬಿಟ್ರು. ಉಳಿದಿದ್ದು ಇದೊಂದೇ. ಇದೂ ಬಿಟ್ರೆ ನಾನೇನು ಮಾಡ್ಲಿ?"

ಸಾವಿರಾರು ಜನರನ್ನು 'ನಿಮ್ಮ ಹೊಲದ ಬಾಂದುಗಲ್ಲು ಎಲ್ಲಿದೆ' ಎಂದು ಕೇಳಿದ ಮನುಷ್ಯ ನಾನು. ಎದುರಿಗೆ ಕೂತ ಒಬ್ಬರನ್ನು ಒಂದು ಮಾತು ಕೇಳಲಿಲ್ಲ. "ತಪ್ಪಾತು ಮೇಷ್ಟ್ರೇ" ಎಂದೆ. ಹೀಗೆ ಹೇಳಿದ್ದು ನನ್ನ ಜೀವಮಾನದಲ್ಲಿ ಎರಡನೆಯ ಸಲ. ಮೊದಲನೆಯದು ಗಿರಿಜಳಿಗೆ, ಅದೂ ಅವಳ ತವರಿನವರ ಎದುರಿಗೆ, ಬೇರೆ ದಾರಿ ಇಲ್ಲದೆ.

ಆಮೇಲೆ ಸರ್ವೆಯರ್ ಬುದ್ಧಿ ಎಚ್ಚರವಾಯಿತು. ಎಲೆಗಳನ್ನು ಕೈಯಲ್ಲೇ ಯಾಕೆ ಹಿಡಿಯಬೇಕು? ಮೇಜಿನ ಮೇಲೆ ಬೇರೆ ಏನಾದರೂ ಅವನ್ನು ಹಿಡಿದುಕೊಂಡರೆ ಸಾಲದೇ? ಒಂದು ಮರದ ತುಂಡು, ಅದರಲ್ಲೊಂದು ತೋಡು, ಹದಿಮೂರು ಎಲೆ ಸಾಲಾಗಿ ನಿಂತರೆ ಆಯಿತು. ಹೇಳಿದ ಕೂಡಲೇ ಮೇಷ್ಟ್ರ ಕಣ್ಣು ಅರಳಿತು. "ನೆಟ್ಟಗಿದ್ರೆ ಆಗಲ್ಲ, ಬಾಗಿರ್ಬೇಕು. ಪಕ್ಕದೋರಿಗೆ ಕಾಣಬಾರದು" ಎಂದು ಕಾಗದ ತೆಗೆದರು. ಪೆನ್ಸಿಲ್ ಹಿಡಿದರು. ಗೆರೆ ಬಾಗುವಲ್ಲಿ ಕೈ ನಡುಗಿ ಮೂರು ಕಡೆ ಮುರಿಯಿತು. ಒಂದು ಕ್ಷಣ ಅದನ್ನೇ ನೋಡಿದರು. ಆಮೇಲೆ, "ಶಾರದಾ, ಊಟದ ತಟ್ಟೆ ಕೊಡು" ಎಂದರು. ತಟ್ಟೆಯನ್ನು ಕಾಗದದ ಮೇಲೆ ಬೋರಲಾಗಿಟ್ಟು, ನನ್ನ ಕೈಯಲ್ಲಿ ಒತ್ತಿ ಹಿಡಿಸಿ, ಅದರ ಅಂಚಿಗೆ ಪೆನ್ಸಿಲ್ ಆನಿಸಿ ಎಳೆದರು. ಗೆರೆ ಚೆನ್ನಾಗಿ ಬಂತು. "ನನ್ನ ಶಿಷ್ಯರಿಗೆ ಹೇಳಬ್ಯಾಡ್ರಿ ಮತ್ತೆ" ಎಂದು ನಕ್ಕರು. ನಾನೂ ನಕ್ಕೆ, ಆದರೆ ಕಣ್ಣು ಒದ್ದೆಯಾಗಿತ್ತು.

ನ್ಯಾಮತಿಯ ಬಡಗಿಯೊಬ್ಬರು ಬಾಗಿಲ ಚೌಕಟ್ಟಿನಲ್ಲಿ ಮಿಕ್ಕ ತೇಗದಲ್ಲಿ ಮಾಡಿಕೊಟ್ಟರು. ಮೊದಲನೆಯದರ ತೋಡು ಅಗಲವಾಯಿತು. ಎಲೆಗಳು ಹಿಂದಕ್ಕೆ ಮಲಗಿ, ರಾಜ ರಾಣಿಯರ ಸಮೇತ ಊರಿಗೆಲ್ಲ ದರ್ಶನ ಕೊಟ್ಟವು. ಅಳತೆ ಕೊಟ್ಟವನು ನಾನು ಎಂದು ಬೇರೆ ಹೇಳಬೇಕಿಲ್ಲವಲ್ಲ. ಎರಡನೆಯದು ಸರಿಯಾಯಿತು. ಆ ಮೊದಲನೆಯದೇ ಈಗ ನಮ್ಮ ಮೇಜಿನ ಮೇಲೆ ಕರೆಂಟ್ ಬಿಲ್ಲು ಹೊತ್ತು ನಿಂತಿರುವುದು.

ಜಗಳೂರಿಗೆ ಹೊರಡುವ ದಿನ ಮೇಷ್ಟ್ರು ಬರುತ್ತಾರೋ ಇಲ್ಲವೋ ಎಂದು ಸ್ಟ್ಯಾಂಡಿನಲ್ಲಿ ಕಾದೆ. ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಟ್ಟೆ ಚೀಲ, ಅದರೊಳಗೆ ಟವೆಲ್ಲಿನಲ್ಲಿ ಸುತ್ತಿದ ಮರದ ತುಂಡು. ಆದರೆ ಮುಖ ಬಿಗಿದಿತ್ತು. "ಇವತ್ತೊಂದಿನ ನೋಡಾಣ. ಸರಿ ಹೋಗ್ಲಿಲ್ಲಾಂದ್ರೆ ಇದೇ ಕೊನೆ" ಎಂದರು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಮೆಕ್ಕೆಜೋಳದ ಹೊಲಗಳ ನಡುವೆ ಜಗಳೂರು ಮುಟ್ಟುವವರೆಗೆ ನಾನು ಬಸ್ ಟಿಕೆಟ್ಟನ್ನು ಮಡಚುತ್ತ, ಬಿಚ್ಚುತ್ತ ಕೂತೆ. ಪರೀಕ್ಷೆ ಬರೆಯುವವರು ಅವರು, ಹಾಲ್ ಟಿಕೆಟ್ ಕಳೆದುಕೊಂಡವನ ಹಾಗೆ ಇದ್ದವನು ನಾನು.

ಮರದ ತುಂಡು ಮೇಜಿನ ಮೇಲೆ ಬಂದ ಕೂಡಲೇ ಎದುರು ಜೋಡಿಯಲ್ಲಿದ್ದ ಜಗಳೂರಿನ ತಿಪ್ಪೇಶಪ್ಪ ಕನ್ನಡಕ ಏರಿಸಿದರು. ಕುರಿ ಸಾಕಿದವರು, ಗಟ್ಟಿ ದನಿ. "ಏನ್ರಿ ಮೇಷ್ಟ್ರೇ ಇದು? ರೂಲ್ಸಿನಾಗೆ ಐತಾ?"

ಮೇಷ್ಟ್ರ ಕಿವಿ ಕೆಂಪಾಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು. "ಕೈ ನಡುಗ್ತತೆ ತಿಪ್ಪೇಶಪ್ನೋರೇ. ಅದಕ್ಕೆ."

ತಿಪ್ಪೇಶಪ್ಪ ಮರವನ್ನು ಎತ್ತಿ, ಆಚೆ ಈಚೆ ನೋಡಿ, ತೋಡಿನಲ್ಲಿ ಹೆಬ್ಬೆರಳಾಡಿಸಿದರು. "ಅಲ್ರೀ, ಇಂಥದ್ದು ಮಾಡಿಸ್ಕಂಡು ನಮಗೊಂದು ಮಾತು ಹೇಳದಲ್ವಾ? ನನ್ನ ಬೆರಳು ಸಂದಿ ನೋವಿಗೆ ಎಲೆ ನಿಲ್ಲದೇ ಇಲ್ಲ. ಮುಂದಿನ ಸಲ ನನಗೂ ಒಂದು ತರ್ರಿ" ಎಂದು ವಾಪಸ್ಸಿಟ್ಟರು. ಮೇಷ್ಟ್ರ ಹೆಗಲು ಕೆಳಗಿಳಿದದ್ದು ನನಗೆ ಕಂಡಿತು.

ಮಧ್ಯಾಹ್ನದ ಮೇಲೆ ಆ ಎಲೆ ಬಂತು. ನನ್ನ ಕೈಯಲ್ಲಿ ಐದು ಇಸ್ಪೀಟ್, ಕಳಾವರ್ ಎಕ್ಕ, ಆಟಿನ್ ಎಕ್ಕ. ನಾನು 'ಒಂದು ಇಸ್ಪೀಟ್' ಎಂದೆ. ಮೇಷ್ಟ್ರು 'ಮೂರು ಇಸ್ಪೀಟ್' ಎಂದರು, ಅಂದರೆ ನನಗೂ ಬೇಕಾದಷ್ಟಿದೆ, ಮುಂದುವರಿಸಿ ಎಂದು. ನಾನು 'ನಾಲ್ಕು ಕಳಾವರ್' ಎಂದು ಒಂದು ಎಕ್ಕ ತೋರಿಸಿದೆ. ಅವರು 'ನಾಲ್ಕು ಡೈಮನ್' ಎಂದು ತಮ್ಮದೊಂದು ತೋರಿಸಿದರು. ನಾನು 'ನಾಲ್ಕು ಆಟಿನ್' ಎಂದು ಎರಡನೆಯದನ್ನೂ ತೋರಿಸಿದೆ. ಉಳಿದದ್ದು ಇಸ್ಪೀಟ್ ಎಕ್ಕ ಒಂದೇ, ಅದೂ ನನ್ನ ಹತ್ತಿರ ಇದೆಯೋ ಇಲ್ಲವೋ ಎಂಬುದಷ್ಟೇ ಅವರಿಗೆ ತಿಳಿಯಬೇಕಿತ್ತು. ಮೇಷ್ಟ್ರು ಮರದ ಹಿಂದೆ ಸಾಲಾಗಿ ನಿಂತ ಎಲೆಗಳನ್ನು ಒಮ್ಮೆ ನೋಡಿ, ತಲೆಯೆತ್ತಿ, ನಿಧಾನವಾಗಿ, "ನಾಲ್ಕು ನೋ ಟ್ರಂಪ್" ಎಂದರು.

ಕೇಳಿದರು! ನಾನು ಕೇಳುವುದು ಬಿಟ್ಟಿದ್ದೆ, ಅವರು ನನ್ನನ್ನು ಕೇಳಿದರು. ನನಗೆ ಎದೆ ಉಬ್ಬಿ ಬಂತು, ಕೂಡಲೇ ಉತ್ತರ ಕೊಡಬೇಕೆನಿಸಿತು. ಕೊಟ್ಟೆ.

"ಐದು ಡೈಮನ್."

ಬಾಯಿಂದ ಬಿದ್ದ ಮೇಲೆ ತಲೆಗೆ ಹೊಳೆಯಿತು. ಐದು ಡೈಮನ್ ಎಂದರೆ ಒಂದು. ನನ್ನ ಹತ್ತಿರ ಎರಡು. ಐದು ಆಟಿನ್ ಅನ್ನಬೇಕಿತ್ತು! ನಮ್ಮ ಮೇಜಿನಲ್ಲಿ ಕೂಗಿದ ಮಾತು ಹಿಂದಕ್ಕೆ ತಗೊಳ್ಳುವಂತಿಲ್ಲ. ಕಣ್ಣಲ್ಲಿ ಹೇಳುವಂತಿಲ್ಲ, ಉಸಿರಲ್ಲಿ ಹೇಳುವಂತಿಲ್ಲ. ನನ್ನ ಕೈ ಗಟ್ಟಿಯಿತ್ತು, ಎಲೆಗಳು ಬೀಸಣಿಗೆಯ ಹಾಗೆ ಬಿಚ್ಚಿದ್ದವು, ಎರಡೂ ಎಕ್ಕ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತಿದ್ದವು. ಮೇಷ್ಟ್ರಿಗಾದರೂ ಒಂದು ಕಾರಣವಿತ್ತು. ನನಗೆ ಯಾವ ಕಾರಣವೂ ಇರಲಿಲ್ಲ. ಈಗ ಅವರು ಎರಡು ಎಕ್ಕ ಎದುರಾಳಿಗಳ ಕೈಯಲ್ಲಿವೆ ಎಂದುಕೊಂಡು 'ಐದು ಇಸ್ಪೀಟ್' ಎಂದು ನಿಲ್ಲಿಸುತ್ತಾರೆ. ಸ್ಲಾಮ್ ಹೋಯಿತು, ಅವರ ಕೊನೆಯ ಆಟ ನನ್ನ ನಾಲಿಗೆಯಿಂದ ಕೆಟ್ಟಿತು ಎಂದು ಮೇಜಿನ ಮೇಲಿನ ಮಂಡಕ್ಕಿ ಕಾಳನ್ನೇ ನೋಡುತ್ತ ಕೂತೆ.

ಮೇಷ್ಟ್ರು ಅವಸರ ಮಾಡಲಿಲ್ಲ. ಆಮೇಲೆ ಹೇಳಿದರು.

"ಆರು ಇಸ್ಪೀಟ್."

ತಿಪ್ಪೇಶಪ್ಪ ನನ್ನ ಮುಖ ನೋಡಿದರು, ಮೇಷ್ಟ್ರ ಮುಖ ನೋಡಿದರು, ಪಾಸ್ ಎಂದು ಮೊದಲ ಎಲೆ ಹಾಕಿದರು. ಇಸ್ಪೀಟನ್ನು ಮೊದಲು ಕರೆದವನು ನಾನು, ಹಾಗಾಗಿ ಆಡಬೇಕಾದವನೂ ನಾನು. ಕೂಗು ಮುಗಿದ ಮೇಲೆ ಆಡುವವನ ಜೋಡಿ, ಅಂದರೆ ಮೇಷ್ಟ್ರು, ತಮ್ಮ ಎಲೆಗಳನ್ನು ಮೇಜಿನ ಮೇಲೆ ಬಿಡಿಸಿಡಬೇಕು. ಮರದಿಂದ ಒಂದೊಂದಾಗಿ ತೆಗೆದು ಇಡತೊಡಗಿದರು. ಒಂದು ಎಲೆ ಜಾರಿತು, ಮತ್ತೆ ಎತ್ತಿಟ್ಟರು. ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆಂದು ಕೈ ಚಾಚಲಿಲ್ಲ, ಯಾರೂ ಗಡಿಯಾರ ನೋಡಲಿಲ್ಲ. ಆಮೇಲೆ ಅವರು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು ಕೂತರು. ಇಸ್ಪೀಟ್ ಎಕ್ಕ ತಿಪ್ಪೇಶಪ್ಪನವರ ಹತ್ತಿರವಿತ್ತು, ಅದೊಂದು ಸುತ್ತು ಅವರಿಗೆ ಹೋಯಿತು. ಉಳಿದ ಹನ್ನೆರಡೂ ನಮಗೆ ಬಂದವು.

ಹೊರಗೆ ಬಂದು ಜಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತಾಗಲೂ ನನಗೆ ತಡೆಯಲಾಗಲಿಲ್ಲ. "ಮೇಷ್ಟ್ರೇ, ನಾನು ಒಂದೇ ಅಂದೆ. ನೀವು ಹೆಂಗೆ ಆರು ಕರದ್ರಿ?"

"ಮೊದ್ಲೇ ಎರಡು ತೋರ್ಸಿದ್ರಲ್ಲ. ಎರಡಿರೋರ ಹತ್ರ ಒಂದು ಹೆಂಗಿರ್ತತೆ? ಬಾಯಿ ತಪ್ಪಿತು ಅಂತ ಗೊತ್ತಾತು."

"ಸಿಟ್ಟು ಬರ್ಲಿಲ್ವಾ?"

"ಬಂತು." ಚೀಲವನ್ನು ಬಲಗೈಗೆ ಬದಲಾಯಿಸಿಕೊಂಡರು. ಆ ಕೈ ನಡುಗುತ್ತಿತ್ತು, ಅವರು ಅದನ್ನು ಮುಚ್ಚಲಿಲ್ಲ. ದಾವಣಗೆರೆ ಬಸ್ಸು ತಿರುಗಿ ಬಂದು ನಿಂತಿತು. ಮೆಟ್ಟಿಲ ಮೇಲೆ ಕಾಲಿಟ್ಟು ಹಿಂದಿರುಗಿ ನೋಡಿದರು.

"ಅದಕ್ಕೇನೀಗ? ಮುಂದಿನ ಸಲನೂ ಕೇಳ್ತೀನಿ ಸಾಹೇಬ್ರೇ. ಎಣಿಸಿ ಹೇಳ್ರಿ."